ದಂಡಿನ ಬೇಳೆಯಲ್ಲಿ ಬೇವಿನ ತಪ್ಪಲು

ಎದುರಿನವನಿಗೆ ಗೆಲ್ಲುವ ಆಸೆ ಇದ್ದರೆ ಮಾತ್ರ ಅವನನ್ನು ಸೋಲಿಸಬಹುದು ಎಂದು ಕಾಲೇಜಿನಲ್ಲಿ ನಮ್ಮನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದ ಸರ್ ಹೇಳುತ್ತಿದ್ದರು. ಆಗ ಅದು ಸುಮ್ಮನೆ ಚಂದಕ್ಕೆ ಆಡಿದ ಮಾತು ಅನಿಸಿತ್ತು. ಯಾದಗಿರಿ ಸ್ಟೇಷನ್ನಿನ ಗೂಡ್ಸ್ ಕಚೇರಿಯ ಗುಮಾಸ್ತರನ್ನು ದಿನಾ ಬೆಳಿಗ್ಗೆ ನೋಡತೊಡಗಿದ ಮೇಲೆ ಅದರ ಅರ್ಥ ತಿಳಿಯಿತು. ಆ ಮನುಷ್ಯನಿಗೆ ಗೆಲ್ಲುವುದು ಬೇಕೇ ಇರಲಿಲ್ಲ.

"ಇವತ್ತೂ ಇಲ್ಲ ತಂಗಿ," ಅನ್ನುತ್ತಿದ್ದರು, ನಾನು ಬಾಗಿಲು ದಾಟುವ ಮೊದಲೇ.

"ನಾ ಇನ್ನಾ ಏನೂ ಕೇಳೇ ಇಲ್ಲಲ್ರಿ."

"ನೀ ಕೇಳೂದೂ ಒಂದೇ ಅದ, ನಾ ಹೇಳೂದೂ ಒಂದೇ ಅದ. ವ್ಯಾಗನ್ ಇಲ್ಲ."

"ದಂಡಿಗೆ ಹೋಗೋ ಬ್ಯಾಳಿರಿ ಇದು. ಮದುವಿ ಊಟಕ್ಕಲ್ಲ."

"ಗಾಡಿನೂ ದಂಡಿಗೇ ಹೋಗ್ಯಾವ. ಮಂದಿ ಒಯ್ಯಾಕತ್ತಾವ, ತೋಪ ಒಯ್ಯಾಕತ್ತಾವ. ಬ್ಯಾಳಿ ಪಾಳಿ ಬಂದಾಗ ಬರ್ತದ."

"ಮಂದಿ ಅಲ್ಲಿ ಹೋಗಿ ಏನ್ ತಿಂತಾರ್ರಿ? ತೋಪ ತಿಂತಾರೇನು?"

ಅವರು ಚಹಾದ ಲೋಟ ಕೆಳಗಿಟ್ಟು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. "ಚಲೋ ಮಾತಾಡ್ತಿ. ಟಿವ್ಯಾಗ ಹೋಗಿ ಕುಂದ್ರು. ಅಲ್ಲಿ ಈಗ ಇಂಥವ್ರಿಗೇ ಕೆಲಸ ಅದ."

ಹೊರಗೆ ಶೆಡ್ಡಿನ ಕಟ್ಟೆಯ ಮೇಲೆ ನಮ್ಮ ತೊಗರಿಬೇಳೆಯ ಚೀಲಗಳು ಒಂದರ ಮೇಲೊಂದು ಮಲಗಿರುತ್ತಿದ್ದವು. ಗಡಿಯಲ್ಲಿ ಕದನ ಶುರುವಾದ ದಿನವೇ ಅವು ಇಲ್ಲಿಗೆ ಬಂದಿದ್ದವು. ಅವತ್ತಿನಿಂದ ಉತ್ತರಕ್ಕೆ ಹೋಗುವ ಸರಕು ಗಾಡಿಗಳು ಒಂದೊಂದೇ ರದ್ದಾದವು. ಹಳಿಯ ಮೇಲೆ ಟಾರ್ಪಾಲು ಹೊದ್ದ ಉದ್ದನೆಯ ಗಾಡಿಗಳು ಮಾತ್ರ ನಮ್ಮೂರಿನಲ್ಲಿ ನಿಲ್ಲದೆ ಹಾದುಹೋಗುತ್ತಿದ್ದವು. ಪ್ಲಾಟ್‌ಫಾರ್ಮಿನ ಮೇಲಿದ್ದ ಜನ ಅವುಗಳಿಗೆ ಕೈ ಬೀಸುತ್ತಿದ್ದರು. ನಾನು ಬೀಸುತ್ತಿರಲಿಲ್ಲ. ಖಾಲಿ ವ್ಯಾಗನ್ ಇದೆಯೇ ಎಂದು ಹುಡುಕುತ್ತಿದ್ದೆ.

ಬೇಳೆ ನನ್ನದಲ್ಲ, ನಮ್ಮ ದೊಡ್ಡವ್ವನ ಸಂಘದ್ದು. ದೋರನಹಳ್ಳಿಯಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ಕಟ್ಟಿಕೊಂಡ ಸಂಘ. ಶಾಲೆಯ ಹಿಂದೆ ತಗಡಿನ ಒಂದು ಶೆಡ್ಡು, ಅದರಲ್ಲಿ ಬೇಳೆ ಒಡೆಯುವ ಒಂದು ಮಿಷನ್ನು. ಅಲ್ಲಿಯವರೆಗೆ ಎಲ್ಲರ ಮನೆಯ ತೊಗರಿಯೂ ಶಹಾಪುರದ ದಲ್ಲಾಳಿಯ ಅಡತಿ ಅಂಗಡಿಗೆ ಹೋಗುತ್ತಿತ್ತು. ದೊಡ್ಡವ್ವ ಮನೆಮನೆಗೆ ಹೋಗಿ, ಜಗಳವಾಡಿ, ಆಣೆ ಮಾಡಿ ಅದನ್ನು ತಿರುಗಿಸಿದ್ದಳು. ಸೇನೆಯ ಡಿಪೋಗೆ ಧಾನ್ಯ ಪೂರೈಸುವ ಯಾದಗಿರಿಯ ಒಬ್ಬ ಗುತ್ತಿಗೆದಾರನಿಂದ ಮೊದಲ ಆರ್ಡರ್ ಬಂದಾಗ ನಾನು ತಕರಾರು ತೆಗೆದಿದ್ದೆ.

"ದಂಡಿನವರು ನಿನ್ನ ಬ್ಯಾಳಿ ಇಲ್ಲಾಂದ್ರ ಉಪವಾಸ ಬೀಳ್ತಾರೇನ ದೊಡ್ಡವ್ವ?"

"ಬೀಳಂಗಿಲ್ಲ. ನಮ್ಮದೂ ಒಂದೀಟು ತಿನ್ಲಿ ಅಂತ."

"ನಮ್ಮ ಓಣ್ಯಾಗಿಂದ ದಂಡಿಗೆ ಹೋದವ ಒಬ್ಬರ ಅದಾನೇನ?"

"ಇಲ್ಲ. ಅದಕ್ಕೇ ಬ್ಯಾಳಿ ಹೋಗ್ಲಿ."

ಇಂಥ ಉತ್ತರಕ್ಕೆ ಮರು ಉತ್ತರ ಯಾವ ಸ್ಪರ್ಧೆಯಲ್ಲೂ ಕಲಿಸುವುದಿಲ್ಲ. ಚೀಲಗಳನ್ನು ಟ್ರಾಕ್ಟರಿಗೆ ಹೇರಿದ ದಿನ ಅಡತಿ ಅಂಗಡಿಯವನ ಕಡೆಯ ಹೆಂಗಸೊಬ್ಬಳು, ಇವೆಲ್ಲ ನಾಲ್ಕು ದಿನಕ್ಕೆ ಹೊಳ್ಳಿ ಬರುತ್ತವೆ ನೋಡಿ ಎಂದು ಹಂಗಿಸಿದಳಂತೆ. ದೊಡ್ಡವ್ವ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಶೆಡ್ಡಿನ ಬೀಗದ ಕೈ ಬಿಚ್ಚಿ ಎದುರುಮನೆ ಅತ್ತೆಯ ಕೈಯಲ್ಲಿಟ್ಟಳು. ಎಲ್ಲರಿಗೂ ಕೇಳುವಂತೆ ಹೇಳಿದಳು: "ಒಂದು ಚೀಲ ಹೊಳ್ಳಿ ಈ ಓಣಿಗಿ ಬಂದ್ರೂ ಇದನ್ನ ನನಗ ಕೊಡಬ್ಯಾಡ್ರಿ. ನಾ ಸಂಘದಾಗ ಇರಂಗಿಲ್ಲ. ನೀವು ಶಹಾಪುರದ ಹಾದಿ ಹಿಡೀರಿ."

ಅಂದರೆ ಈ ಚೀಲಗಳು ಮುಂದೆ ಹೋಗಬೇಕಿತ್ತು, ಇಲ್ಲವೇ ದೊಡ್ಡವ್ವ ಸಂಘ ಬಿಟ್ಟು ಮನೆಗೆ ಹೋಗಬೇಕಿತ್ತು. ನಾನು ಯಾದಗಿರಿಯಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೆ. ರೂಮು ಸ್ಟೇಷನ್ನಿಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಬೇಳೆಯ ಕಾವಲು ನನ್ನ ತಲೆಗೆ ಬಂತು.

ಕಾವಲು ಅಂದರೆ ಬೇಸರ, ಬೇರೇನಲ್ಲ. ಮೇ ತಿಂಗಳ ಬಿಸಿಲಿಗೆ ಶೆಡ್ಡಿನ ತಗಡು ಟಕಟಕ ಸದ್ದು ಮಾಡುತ್ತಿತ್ತು. ಸಂಜೆ ಮೋಡ ಕಟ್ಟಿ, ನಾಲ್ಕು ಹನಿ ಬಿದ್ದು, ಸೆಕೆ ಇನ್ನಷ್ಟು ಏರುತ್ತಿತ್ತು. ಚೀಲಕ್ಕೆ ಒರಗಿ ಪುಸ್ತಕ ತೆರೆದರೆ ಬೆವರಿನ ಕೈಗೆ ಹಾಳೆ ಅಂಟಿಕೊಳ್ಳುತ್ತಿತ್ತು. ಹಮಾಲರು ಕೆಲಸವಿಲ್ಲದೆ ನೆರಳಿನಲ್ಲಿ ಮಲಗಿ ಫೋನಿನಲ್ಲಿ ಯುದ್ಧ ನೋಡುತ್ತಿದ್ದರು. ಮೊದಮೊದಲು ನಾನು ಅವರೊಂದಿಗೆ ವಾದಕ್ಕೆ ಇಳಿಯುತ್ತಿದ್ದೆ. ಆ ಸುದ್ದಿ ಸುಳ್ಳು, ಈ ಚಿತ್ರ ಹಳೆಯದು, ಕೂಗುವವರಾರೂ ಅಲ್ಲಿಗೆ ಹೋಗಿಲ್ಲ ಎಂದು. ಅವರೂ ಹೌದ್ರಿ ಅಂದು ಮತ್ತೆ ನೋಡುತ್ತಿದ್ದರು. ಆಮೇಲೆ ನಾನೂ ಬಿಟ್ಟೆ.

ಒಂದು ದಿನ ಮಧ್ಯಾಹ್ನ ಊಟ ಮುಗಿಸಿ ಬಂದರೆ ಕಟ್ಟೆಯ ಮೇಲೆ ನಮ್ಮ ಓಣಿಯೇ ಕೂತಿತ್ತು. ದೊಡ್ಡವ್ವ, ಎದುರುಮನೆ ಅತ್ತೆ, ಉಳಿದ ಹೆಣ್ಣುಮಕ್ಕಳು, ಎಲ್ಲರ ಕೈಯಲ್ಲೂ ದಬ್ಬಣ. ಬಸ್ಸಿನಲ್ಲಿ ಬಂದು ಕೆಲಸ ಮುಗಿಸಿ ಕೊನೆಯ ಚೀಲದ ಬಾಯಿ ಹೊಲಿಯುತ್ತಿದ್ದರು. ಕಾಲ ಬಳಿ ಬರೀ ಕಡ್ಡಿಗಳ ರಾಶಿ. ಶೆಡ್ಡಿನ ತುಂಬ ಕಹಿ ವಾಸನೆ.

"ಏನ್ ಮಾಡೀರಿ?" ಅಂದೆ. ನೋಡಿದ ತಕ್ಷಣವೇ ಗೊತ್ತಾಗಿತ್ತು, ಆದರೂ ಕೇಳಿದೆ.

"ಬೇವಿನ ತಪ್ಪಲ ಹಾಕೀವಿ," ಅಂದಳು ದೊಡ್ಡವ್ವ, ಹಣೆಯ ಬೆವರು ಒರೆಸಿಕೊಳ್ಳುತ್ತ. "ನೆರಳಾಗ ಒಣಗಿಸಿ ತಂದೀವಿ, ಹಸೀದಲ್ಲ. ಎಷ್ಟ ದಿನ ಅಂತ ಹಿಂಗ ಬಿದ್ದಿರ್ತದ? ನುಸಿ ಬೀಳ್ತದ. ಗುತ್ತಿಗೆದಾರ್ರು ಬ್ಯಾಳಿಗೆ ಎಣ್ಣಿ ಹಚ್ಚಬ್ಯಾಡ ಅಂದಿದ್ರು, ಹಚ್ಚಿಲ್ಲ. ತಪ್ಪಲ ಬ್ಯಾಡ ಅಂದಿಲ್ಲಲ್ಲ."

ನಮ್ಮ ಕಡೆ ಮನೆಯ ಗುಮ್ಮಿಯಲ್ಲಿ ಕಾಳು ತುಂಬುವಾಗ ನಡುನಡುವೆ ಒಣ ಬೇವಿನ ಎಲೆ ಹಾಕುತ್ತಾರೆ. ಅಡುಗೆಗೆ ತೆಗೆಯುವಾಗ ಮೊರದಲ್ಲಿ ಕೇರಿದರೆ ಎಲೆ ಹಾರಿಹೋಗುತ್ತದೆ. ಯಾರೂ ಅದನ್ನು ಕಸ ಎಂದು ತಿಳಿದಿಲ್ಲ. ಎಲೆ ಇಲ್ಲದ ಕಾಳು ಕೊಟ್ಟರೆ ಕಾಳಜಿ ಇಲ್ಲದ ಮನೆ ಅನ್ನುತ್ತಾರೆ.

"ಇದು ನಮ್ಮನಿ ಗುಮ್ಮಿ ಅಲ್ಲ ದೊಡ್ಡವ್ವ. ಮಾಲು ನೋಡಾಕ ಮಂದಿ ಬರ್ತಾರ. ಬ್ಯಾಳ್ಯಾಗ ಬ್ಯಾಳಿ ಬಿಟ್ಟು ಏನ್ ಕಂಡ್ರೂ ವಾಪಸ್ ಕಳಸ್ತಾರ."

"ನುಸಿ ಕಂಡ್ರ?"

"ನುಸಿ ಕಂಡ್ರೂ ವಾಪಸ್."

"ಮತ್ತ ತಪ್ಪಲಾನ ಚಲೋ ಅಲ್ಲೇನ?"

ಎದುರುಮನೆ ಅತ್ತೆ ದಬ್ಬಣವನ್ನು ಸೆರಗಿಗೆ ಚುಚ್ಚಿಕೊಳ್ಳುತ್ತ, "ಬಿಡವ್ವ, ನಮ್ಮ ವಕೀಲವ್ವಗ ಬ್ಯಾಳಿ ಕುದ್ಸಾಕೂ ಬರಂಗಿಲ್ಲ," ಅಂದರು. ಎಲ್ಲರೂ ನಕ್ಕರು. ಅಷ್ಟೂ ಚೀಲಗಳನ್ನು ಮತ್ತೆ ಬಿಚ್ಚಿಸುವ ಶಕ್ತಿ ಆ ಬಿಸಿಲಿನಲ್ಲಿ ನನಗಿರಲಿಲ್ಲ. ಅವರು ಸಂಜೆಯ ಬಸ್ಸು ಹಿಡಿದು ಹೋದರು.

ಎರಡು ದಿನ ಕಳೆದ ಮೇಲೆ ಗುತ್ತಿಗೆದಾರನ ಸೂಪರ್‌ವೈಜರ್ ಫೋನು ಮಾಡಿದ. ರೈಲು ನಂಬಿ ಕೂತರೆ ಆಗುವುದಿಲ್ಲ, ಹೈದರಾಬಾದಿನ ಆಚೆ ಒಂದು ಕಡೆಯಿಂದ ವಿಶೇಷ ಗಾಡಿ ಹೊರಡುತ್ತದೆ, ಅಲ್ಲಿಯವರೆಗೆ ರಸ್ತೆಯಲ್ಲಿ ಮುಟ್ಟಿಸಬೇಕು, ಲಾರಿ ನೀವೇ ನೋಡಿಕೊಳ್ಳಿ ಎಂದ. ಲಾರಿ ಎಲ್ಲಿಂದ ತರುವುದು? ರೈಲು ನಿಂತಾಗಿನಿಂದ ಎಲ್ಲರ ಸರಕೂ ರಸ್ತೆಗೆ ಬಿದ್ದು, ಯಾದಗಿರಿ, ಶಹಾಪುರ ಎರಡೂ ಕಡೆ ಒಂದು ಲಾರಿಯೂ ಉಳಿದಿರಲಿಲ್ಲ. ಸುರಪುರದ ಕಡೆ ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಬೋನಾಳದ ಒಬ್ಬ ಡ್ರೈವರಣ್ಣನ ಲಾರಿ. ಅದು ಕುರಿ ಸಾಗಿಸುವ ಲಾರಿ. ನಡುವೆ ಹಲಗೆ ಹೊಡೆದು ಎರಡು ಅಂತಸ್ತು ಮಾಡಿದ್ದು. ವಾರವಾರ ಹೈದರಾಬಾದಿಗೆ ಕುರಿ ಒಯ್ಯುತ್ತಿತ್ತು.

ಅದು ಶೆಡ್ಡಿಗೆ ಬಂದು ನಿಂತಾಗ ಹಮಾಲರು ಮೂಗು ಮುಚ್ಚಿಕೊಂಡರು.

"ತೊಳದೀಯೇನಪ್ಪ ಇದನ್ನ?" ಅಂದಳು ದೊಡ್ಡವ್ವ. ಅವಳು ಅವತ್ತು ಹೆಣ್ಣುಮಕ್ಕಳನ್ನು ಕರೆದುಕೊಂಡು ಮತ್ತೆ ಬಂದಿದ್ದಳು.

"ಬೋನಾಳ ಕೆರ್ಯಾಗ ತೊಳದೀನಿ ಯವ್ವ, ಎರಡು ಸಲ. ನನ್ನ ಲಗ್ನದಾಗೂ ಇಷ್ಟು ಜಳಕ ಮಾಡಿದ್ದಿಲ್ಲ."

"ಮತ್ತ ವಾಸನಿ?"

"ವಾಸನಿ ಗಾಡೀದಲ್ಲ, ನಂದು."

ದೊಡ್ಡವ್ವ ಟಾರ್ಪಾಲು ಹಾಸಲು ಹೇಳಿದಳು. ಹೇರುವ ಮೊದಲೇ ಸೂಪರ್‌ವೈಜರ್ ಬೈಕಿನಲ್ಲಿ ಬಂದಿಳಿದ. ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು, ಕಣ್ಣು ಕೆಂಪಾಗಿದ್ದವು, ಫೋನು ಕಿವಿಯಿಂದ ಇಳಿಯಲೇ ಇಲ್ಲ. ಮಾತಾಡುತ್ತಲೇ ಮೊನಚು ಕೊಳವೆಯೊಂದನ್ನು ಚೀಲಕ್ಕೆ ಚುಚ್ಚಿ ಅಂಗೈಗೆ ಬೇಳೆ ಸುರಿದುಕೊಂಡ. ಬೇಳೆಯ ಜೊತೆ ಎಲೆಯ ಚೂರು ಬಂತು. ಇನ್ನೊಂದು ಚೀಲಕ್ಕೆ ಚುಚ್ಚಿದ. ಅದರಲ್ಲೂ ಬಂತು.

"ಏನ್ರಿ ಇದು? ಎಲ್ಲಾದ್ರಾಗೂ ಅದ ಏನ್ ಈ ಕಸ?"

"ಕಸ ಅಲ್ರಿ, ಬೇವು," ಅಂದಳು ದೊಡ್ಡವ್ವ, ಕೊಂಚ ಹೆಮ್ಮೆಯಿಂದಲೇ.

"ಇಡೀ ಮಾಲು ವಾಪಸ್," ಅಂದ ಅವನು.

ನಾನು ನಡುವೆ ಬಿದ್ದೆ. ಬೇವಿನಿಂದ ಯಾರಿಗೂ ಕೇಡಿಲ್ಲ ಎಂದೆ. ಕೇರಿದರೆ ಹೋಗುತ್ತದೆ ಎಂದೆ. ಅವನು ಜಗ್ಗಲಿಲ್ಲ. ಆಗ ನಾನು ಹಿಡಿದ ದಾರಿ ನೆನೆದರೆ ಈಗಲೂ ನಾಲಿಗೆ ಕಹಿಯಾಗುತ್ತದೆ. ಗಡಿಯಲ್ಲಿ ನಮ್ಮ ಸೈನಿಕರು ಹಸಿದು ನಿಂತಿರುವಾಗ ಒಂದು ಎಲೆಗಾಗಿ ಊಟ ತಡೆಯುತ್ತೀರಾ, ದೇಶದ ಮೇಲೆ ಅಭಿಮಾನ ಇಲ್ಲವೇ ಎಂದು ಕೇಳಿದೆ. ಹಮಾಲರ ಫೋನಿನಲ್ಲಿ ದಿನವಿಡೀ ಕೇಳಿ ಬೈದಿದ್ದ ಮಾತುಗಳನ್ನೇ ಅದೇ ಏರುದನಿಯಲ್ಲಿ ಆಡಿದೆ. ಹಮಾಲರು ಎದ್ದು ಕೂತು ನೋಡಿದರು. ಒಬ್ಬ ಚಪ್ಪಾಳೆಯನ್ನೂ ತಟ್ಟಿದ.

ಸೂಪರ್‌ವೈಜರ್ ಕೊಳವೆಯನ್ನು ಒರೆಸಿ ತನ್ನ ಹೆಗಲ ಚೀಲಕ್ಕೆ ಹಾಕಿಕೊಂಡ. "ತಂಗಿ, ಮುಂಜಾನಿಂದ ಇದನ್ನ ಹೇಳಿದವ್ರಾಗ ನೀ ಎಷ್ಟನೇದಾಕಿ ಗೊತ್ತದ ಏನ? ನಾಳಿ ಸಂಜಿ ಮಟ ಟೈಮ್ ಕೊಡ್ತೀನಿ. ಒಂದು ಎಲಿ ಕಾಣಬಾರ್ದು. ಕಂಡ್ರ ಮನಿಗಿ ಒಯ್ರಿ."

ಅವನು ಬೈಕು ಹತ್ತಿ ಹೋದ. ದೊಡ್ಡವ್ವ ಚೀಲದ ಮೇಲೆ ಕೈಯಿಟ್ಟು ನಿಂತಿದ್ದಳು. ಬೀಗದ ಕೈ ಎದುರುಮನೆ ಅತ್ತೆಯ ಸೊಂಟದಲ್ಲಿ ಸಿಕ್ಕಿಕೊಂಡಿತ್ತು. ಅತ್ತೆ ಅದರ ಮೇಲೆ ಸೆರಗು ಎಳೆದುಕೊಂಡರು. ಅದನ್ನು ದೊಡ್ಡವ್ವನೂ ನೋಡಿದಳು, ನಾನೂ ನೋಡಿದೆ.

"ನಾನ ಹೇಳಿದ್ದೆ," ಅನ್ನುವ ಮಾತು ನನ್ನ ಬಾಯಿಯ ತನಕ ಬಂದಿತ್ತು. ಹೇಳಲಿಲ್ಲ. ದೊಡ್ಡತನ ಅಲ್ಲ ಅದು, ಸಾಕಾಗಿತ್ತು.

ಟಾರ್ಪಾಲುಗಳನ್ನು ಕಟ್ಟೆಯ ಉದ್ದಕ್ಕೂ ಹಾಸಿದೆವು. ಚೀಲ ಬಿಚ್ಚು, ಸುರಿ, ಜರಡಿ ಹಿಡಿ, ಮೊರದಲ್ಲಿ ಕೇರು, ಮತ್ತೆ ತುಂಬು, ಮತ್ತೆ ಹೊಲಿ. ಇಡೀ ಎಲೆ ಬೇಗ ಬರುತ್ತಿತ್ತು. ಒಣಗಿ ಪುಡಿಯಾದದ್ದು ಬೇಳೆಯ ನಡುವೆ ಸಿಕ್ಕು ಬರುತ್ತಲೇ ಇರಲಿಲ್ಲ. ಬೆರಳ ತುದಿಯಲ್ಲಿ ಒಂದೊಂದೇ ಆರಿಸಬೇಕು. ಬಿಸಿಗಾಳಿ ಬಂದಾಗ ಮಾತ್ರ ಒಂದಿಷ್ಟು ತೂರಿಹೋಗುತ್ತಿತ್ತು. ಗಾಳಿ ನಿಂತರೆ ಎಲ್ಲರೂ ಗಾಳಿಯನ್ನೇ ಬೈಯುತ್ತಿದ್ದರು. ಡ್ರೈವರಣ್ಣನೂ ಒಂದು ಮೊರ ತೆಗೆದುಕೊಂಡು ಕೂತ. ಕೇರಲು ಬಾರದೆ ಬೇಳೆಯನ್ನೆಲ್ಲ ನೆಲಕ್ಕೆ ಚೆಲ್ಲಿದ.

"ಬಿಡೋ ಮಾರಾಯ," ಅಂದರು ಅತ್ತೆ. "ನಿನ್ನ ಕುರಿ ಬಂದ್ರ ಇದಕ್ಕಿಂತ ಸ್ವಚ್ಛ ಆರಿಸ್ತಾವ."

"ಕುರಿ ತಪ್ಪಲ ಆರಿಸಿ ತಿಂತಾವ ಅತ್ತಿ, ಬ್ಯಾಳಿ ಉಳೀತದ. ಮೊದ್ಲೇ ಹೇಳಿದ್ರ ತರ್ತಿದ್ದೆ."

ರಾತ್ರಿ ಶೆಡ್ಡಿನಲ್ಲೇ ಉರುಳಿದೆವು. ಬೆಳಗಾದ ಮೇಲೆ ಮತ್ತೆ ಕೂತೆವು. ನನ್ನ ಕುತ್ತಿಗೆ ನೆಟ್ಟಗಾಗುತ್ತಿರಲಿಲ್ಲ, ಬೆರಳುಗಳಿಂದ ಬೇವಿನ ವಾಸನೆ ಹೋಗುತ್ತಿರಲಿಲ್ಲ. ಮುಟ್ಟಿದ್ದೆಲ್ಲ ಕಹಿ, ತಂದ ರೊಟ್ಟಿಯೂ ಕಹಿ. ಯುದ್ಧ ಬೇಕು, ಯುದ್ಧ ಬೇಡ ಎಂಬ ಎರಡು ಕಡೆಯೂ ನಿಂತು ಮಾತಾಡಿ ಬಹುಮಾನ ತಂದವಳು ನಾನು. ಯುದ್ಧ ಅಂದರೆ ಬೇಳೆ ಆರಿಸುವುದು ಎಂದು ಎರಡು ಕಡೆಯಲ್ಲೂ ಯಾರೂ ಹೇಳಿರಲಿಲ್ಲ.

ಕೊನೆಯ ಕೆಲವು ಚೀಲ ಉಳಿದಿದ್ದಾಗ, ಸಂಜೆಗೆ ಇನ್ನೂ ಹೊತ್ತಿತ್ತು, ಹಮಾಲರ ಕಡೆಯಿಂದ ಗದ್ದಲ ಎದ್ದಿತು. ಒಬ್ಬ ಫೋನು ಹಿಡಿದು ಓಡಿಬಂದ. "ನಿಂತ್ತಂತ್ರಿ! ಯುದ್ಧ ನಿಂತ್ತಂತ!"

ಎಲ್ಲರ ಕೈಗಳೂ ಮೊರದ ಮೇಲೆ ನಿಂತವು. "ಚಲೋ ಆತು ಬಿಡು," ಅಂದಳು ದೊಡ್ಡವ್ವ. ನಿಜವಾಗಿಯೂ ಹಗುರಾದವಳಂತೆ ಉಸಿರು ಬಿಟ್ಟಳು. ಮತ್ತೆ ಕೇರತೊಡಗಿದಳು. ಸ್ವಲ್ಪ ಹೊತ್ತಿಗೆ ಅತ್ತೆ ಮೆಲ್ಲಗೆ ಕೇಳಿದರು: "ಹಂಗಾರ ಈ ಬ್ಯಾಳಿ?"

ಉತ್ತರ ಸೂಪರ್‌ವೈಜರನ ಜೊತೆ ಬಂತು. ಅವನು ಬೈಕಿನಿಂದ ಇಳಿಯಲೂ ಇಲ್ಲ. "ಅವಸರ ಇಲ್ಲಂತ. ಆ ವಿಶೇಷ ಗಾಡಿ ರದ್ದಾತು. ಲಾರಿ ಬ್ಯಾಡ. ರೈಲ್ವೆ ಸುರಳೀತ ಆದ ಮ್ಯಾಲ ಕರೀತೀನಿ. ಅಲ್ಲಿ ಮಟ ಮಾಲು ಮನಿಗಿ ಒಯ್ದು ಇಟ್ಕೋರಿ."

"ನಿನ್ನೆ ಅವಸರ ಅಂತ ಹಗಲೂ ರಾತ್ರಿ ಆರಸಾಕ ಹಚ್ಚಿದ್ರಿ," ಅಂದೆ. "ಇವತ್ತ ಅವಸರ ಇಲ್ಲ ಅಂತ ಮನಿಗಿ ಕಳಸ್ತೀರಿ. ಎರಡ್ರಾಗ ನಿಮ್ಮ ಮಾತು ಯಾವ್ದು?"

"ಎರಡೂ ನಂದಲ್ಲ ತಂಗಿ. ಮ್ಯಾಲಿನವರದು."

ಅವನ ಅಂಗಿ ಬೆನ್ನಿಗೆ ಅಂಟಿತ್ತು. ಈ ದಿನಗಳಲ್ಲಿ ಅವನೂ ಮನೆಯಲ್ಲಿ ಮಲಗಿರಲಿಲ್ಲ ಎಂದು ನೋಡಿದರೆ ತಿಳಿಯುತ್ತಿತ್ತು. ನನ್ನ ಬಳಿ ಇನ್ನೂ ಮೂರು ಪ್ರಶ್ನೆಗಳಿದ್ದವು. ಅವನ್ನು ಅಲ್ಲಿಗೇ ಬಿಟ್ಟು ಮತ್ತೆ ಮೊರ ಕೈಗೆತ್ತಿಕೊಂಡೆ.

ದೊಡ್ಡವ್ವ ಮೊರ ಕೆಳಗಿಟ್ಟು ಎದ್ದಳು. ಮೊಣಕಾಲು ಹಿಡಿದುಕೊಂಡು, ಕಟ್ಟೆಗೆ ಒರಗಿ ಎದ್ದಳು. "ತಮ್ಮಾ, ಮೊದಲ ಒಂದು ಚೀಲ ನೋಡು. ತಪ್ಪಲ ಅದ ಏನ ನೋಡು."

ಅವನು ಒಲ್ಲದ ಮನಸ್ಸಿನಿಂದ ಇಳಿದು ಬಂದು ಚುಚ್ಚಿದ. ಇನ್ನೊಂದಕ್ಕೂ ಚುಚ್ಚಿದ. "ಸ್ವಚ್ಛ ಅದ," ಅಂದ.

"ಸ್ವಚ್ಛ ಅದಲ್ಲ. ಇನ್ನ ಇದು ಮನಿಗಿ ಹೋಗಂಗಿಲ್ಲ. ವ್ಯಾಗನ್ ಬರೋ ಮಟ ಇಲ್ಲೇ ಇರ್ತದ. ನಾವೂ ಇರ್ತೀವಿ."

"ನನ್ನ ಜವಾಬ್ದಾರಿ ಅಲ್ಲ ನೋಡ್ರಿ."

"ನಿನ್ನದು ಅಂತ ಯಾರಂದ್ರು?"

ಅವನು ಹೋದ. ಡ್ರೈವರಣ್ಣ ತನ್ನ ಟಾರ್ಪಾಲುಗಳಲ್ಲಿ ಎರಡನ್ನು ಬಿಟ್ಟು ಉಳಿದವನ್ನು ಮಡಚಿಕೊಂಡು ಬೋನಾಳದ ಕಡೆ ಹೊರಟ. ಮಳೆ ಬಂದರೆ ಬೇಕಾಗುತ್ತವೆ, ಆಮೇಲೆ ಒಯ್ಯುತ್ತೇನೆ ಎಂದ.

ಮತ್ತೆ ಅದೇ ಕಾವಲು. ಹೆಣ್ಣುಮಕ್ಕಳು ಪಾಳಿ ಹಚ್ಚಿಕೊಂಡು ಇಬ್ಬಿಬ್ಬರಾಗಿ ಬಸ್ಸಿನಲ್ಲಿ ಬರುತ್ತಿದ್ದರು. ದೊಡ್ಡವ್ವ ಮಾತ್ರ ಒಮ್ಮೆಯೂ ಊರಿಗೆ ಹೋಗಲಿಲ್ಲ. ರಾತ್ರಿ ನನ್ನ ರೂಮಿಗೆ ಬಂದು ಮಲಗಿ, ಬೆಳಕಾಗುವ ಮೊದಲೇ ಶೆಡ್ಡಿಗೆ ನಡೆಯುತ್ತಿದ್ದಳು. ಒಂದು ಬೆಳಿಗ್ಗೆ ನೋಡಿದರೆ ಕಂಕುಳಲ್ಲಿ ಬೇವಿನ ಟೊಂಗೆ.

"ದೊಡ್ಡವ್ವ," ಅಂದೆ. ಅಷ್ಟೇ ಅಂದೆ.

"ಒಳಗ ಹಾಕಂಗಿಲ್ಲವ್ವ. ಕೈಮುಗಿತೀನಿ, ನೀ ಭಾಷಣ ಚಾಲೂ ಮಾಡಬ್ಯಾಡ. ಚೀಲದ ಸುತ್ತ ಇಡ್ತೀನಿ. ಹೊರಗ ಇಟ್ಟದ್ದು ಯಾರಪ್ಪನ ಕಣ್ಣಿಗೆ ಚುಚ್ಚತದ?"

"ಹೊರಗ ಇಟ್ರ ನುಸಿಗೆ ಗೊತ್ತಾಗ್ತದೇನ?"

"ನನಗ ಗೊತ್ತಾಗ್ತದ. ನಿದ್ದಿ ಹತ್ತತದ."

ಇಬ್ಬರೂ ಸೇರಿ ಚೀಲಗಳ ಸುತ್ತ ಟೊಂಗೆ ಇಟ್ಟೆವು. ಗುಮಾಸ್ತರು ಬಾಗಿಲಲ್ಲಿ ನಿಂತು ನೋಡಿ, ಯುಗಾದಿ ಮತ್ತೆ ಬಂತೇನ್ರಿ ಎಂದು ಕೇಳಿ ಒಳಗೆ ಹೋದರು.

ವ್ಯಾಗನ್ ಬಂದದ್ದು ಒಂದು ಸುಡುಮಧ್ಯಾಹ್ನ. ಯಾರೂ ಕೂಗಲಿಲ್ಲ, ಕೈ ಬೀಸಲಿಲ್ಲ. ನಾನು ಚೀಲಕ್ಕೆ ಒರಗಿ ನಿದ್ದೆ ಹೋಗಿದ್ದೆ. ಗುಮಾಸ್ತರೇ ಬಂದು ಪುಸ್ತಕದಿಂದ ಭುಜ ತಟ್ಟಿದರು. "ಏಳ್ ತಂಗಿ. ಇವತ್ತ ಅದ."

ನಿದ್ದೆಗಣ್ಣಿನಲ್ಲಿ ನಾನು, "ಏನ್ ಅದ್ರಿ?" ಅಂದೆನಂತೆ. ದೊಡ್ಡವ್ವ ಆಮೇಲೆ ಅದನ್ನು ಹೇಳಿ ಹೇಳಿ ನಕ್ಕಳು.

ಹಮಾಲರು ಒಂದೊಂದೇ ಚೀಲ ಬೆನ್ನಿಗೇರಿಸಿ ಒಳಗೆ ಹಾಕಿದರು. ದೊಡ್ಡವ್ವ ಬಾಗಿಲ ಬಳಿ ನಿಂತು ಪ್ರತಿ ಚೀಲದ ಹೊಲಿಗೆಯನ್ನೂ ಕೈಯಿಂದ ಸವರಿ ಬಿಡುತ್ತಿದ್ದಳು. ಬಾಗಿಲು ಎಳೆದು ಮೊಹರು ಹಾಕಿದ ಮೇಲೂ ಗಾಡಿ ಹೊರಡಲಿಲ್ಲ, ತುಂಬ ಹೊತ್ತು ಹಾಗೇ ನಿಂತಿತ್ತು. ನಾವೂ ನಿಂತೆವು. ಗಾಡಿ ಹೊರಟಾಗ ಕಟ್ಟೆಯ ಮೇಲೆ ಉಳಿದದ್ದು ಒಣಗಿದ ಟೊಂಗೆಗಳು. ಗುಡಿಸುವ ಹೆಂಗಸು ಬರುವ ಮೊದಲೇ ದೊಡ್ಡವ್ವ ಅವನ್ನು ತಾನೇ ಬಾಚಿ ಹಳಿಯ ಆಚೆ ಹಾಕಿ ಬಂದಳು.

ಬಸ್ಸಿನಲ್ಲಿ ಅವಳು ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಬಾಯಿ ತೆರೆದಿತ್ತು. ಅಷ್ಟು ವಯಸ್ಸಾಗಿದೆ ಎಂದು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಆ ಬೇಳೆ ಎಲ್ಲಿಗೆ ಹೋಗುತ್ತದೆ, ಯಾರು ಬೇಯಿಸುತ್ತಾರೆ, ಯಾರಾದರೂ ತಿನ್ನುತ್ತಾರೋ ಅಥವಾ ಇನ್ನೊಂದು ಶೆಡ್ಡಿನಲ್ಲಿ ಬಿದ್ದಿರುತ್ತದೋ ನಮಗೆ ತಿಳಿಯುವ ದಾರಿ ಇರಲಿಲ್ಲ. ಇವತ್ತಿಗೂ ತಿಳಿದಿಲ್ಲ. ಈ ಮಾತನ್ನು ಎತ್ತಿ ಅವಳೊಂದಿಗೆ ವಾದಿಸಬೇಕೆಂದು ದಾರಿಯುದ್ದಕ್ಕೂ ಯೋಚಿಸಿದೆ. ಅವಳು ಏಳಲಿಲ್ಲ.

ದೋರನಹಳ್ಳಿಯ ಸ್ಟಾಪಿನಲ್ಲಿ ಎದುರುಮನೆ ಅತ್ತೆ ನಿಂತಿದ್ದರು. ಅಡತಿ ಅಂಗಡಿಯವನ ಕಡೆಯ ಆ ಹೆಂಗಸೂ ಬೇರೆ ಬಸ್ಸಿಗೆ ಕಾದವಳಂತೆ ಬದಿಯಲ್ಲಿ ನಿಂತಿದ್ದಳು.

"ಹೋತೇನ?" ಅಂದರು ಅತ್ತೆ.

"ಹೋತು."

"ಎಲ್ಲಾ?"

"ಎಲ್ಲಾ."

ದೊಡ್ಡವ್ವ ಕೈ ಚಾಚಿದಳು. ಅತ್ತೆ ಸೊಂಟದಿಂದ ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿಟ್ಟರು. ಅವಳು ಸೆರಗಿನ ತುದಿ ಹುಡುಕಿ ಗಂಟು ಹಾಕಲು ನೋಡಿದಳು. ಎಲೆ ಆರಿಸಿ ಆರಿಸಿ ಊದಿದ್ದ ಬೆರಳುಗಳಿಗೆ ಅದು ಆಗಲಿಲ್ಲ. ನಾನು ಕಟ್ಟಿಕೊಟ್ಟೆ.

"ಬಿಗಿಯಾಗಿ ಕಟ್ಟು," ಅಂದಳು. "ನಾಳಿ ಜಲ್ದಿ ಮಿಷನ್ ತೆಗಿಬೇಕು. ಇಷ್ಟು ದಿನ ಬಂದ್ ಬಿದ್ದದ, ಒಳಗ ಇಲಿ ಸೇರ್ಯಾವೋ ಏನೋ."